ತಡೆಯಬಾರದ ವೇಗ, ತಡೆಯಬೇಕಾದ ವೇಗ: ಮಾರಿಯೋ ಆಟವೂ ಮಕ್ಕಳ ಆರೋಗ್ಯವೂ

"ಗೊಂಬೆಯಾಟದಂತಿದೆಯಲ್ಲ ಡಾಕ್ಟರೇ, ಇದನ್ನು ಆಡಿದರೆ ಮಗುವಿಗೆ ಏನಾದೀತು?" ಎಂದು ಕೆಲವು ತಾಯಂದಿರು ಕೇಳುತ್ತಾರೆ. "ಇದನ್ನು ಹಿಡಿದನೆಂದರೆ ಊಟವಿಲ್ಲ, ನೀರಿಲ್ಲ, ಕಸಿದುಕೊಂಡರೆ ಮನೆಯೇ ರಣರಂಗವಾಗುತ್ತದೆ" ಎಂದು ಇನ್ನು ಕೆಲವರು ದೂರುತ್ತಾರೆ. ಹೊಸಪೇಟೆ, ಕಂಪ್ಲಿ, ಸಂಡೂರುಗಳಿಂದಲೂ ಹಂಪಿಯ ಸುತ್ತಲಿನ ಗ್ರಾಮಗಳಿಂದಲೂ ಚಿಕಿತ್ಸೆಗೆ ಬರುವ ಕುಟುಂಬಗಳಲ್ಲಿ ಈ ಎರಡು ಮಾತುಗಳೂ ಕೇಳಿಬರುತ್ತವೆ. ಎರಡರಲ್ಲಿಯೂ ಸತ್ಯವಿದೆ. ಮಾರಿಯೋ ಎಂಬ ಹಳೆಯ ವಿಡಿಯೋ ಆಟ ನೋಡಲು ಮುದ್ದು, ಆಡಲು ಬಲು ಕಠಿಣ. ಈ ಕಾಠಿಣ್ಯವು ಆಡುವವನ ದೇಹವನ್ನೂ ಮನಸ್ಸನ್ನೂ ಹೇಗೆ ಹಿಡಿದಿಡುತ್ತದೆ, ಹಿರಿಯರು ಅದಕ್ಕೆ ಎಲ್ಲಿ ಮೇರೆ ಹಾಕಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಆಟದ ಸ್ವರೂಪ

ಹಿರಿಯ ಓದುಗರು ಕುಂಟೆಬಿಲ್ಲೆಯನ್ನು ನೆನೆಯಲಿ. ಗೆರೆ ತುಳಿಯದಂತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಜಿಗಿಯಬೇಕು. ಗೆರೆ ತುಳಿದರೆ ಆಟ ಹೋಯಿತು. ಪರದೆಯ ಮೇಲೆ ಮೆಟ್ಟಿಲು, ಜಗುಲಿ, ಕಂದಕಗಳನ್ನು ಜಿಗಿದು ದಾಟುವ ಆಟಗಳಿಗೆ ಪ್ಲಾಟ್‌ಫಾರ್ಮ್ ಆಟಗಳೆಂದು ಹೆಸರು. 1981ರಲ್ಲಿ ಜಪಾನಿನ ನಿಂಟೆಂಡೋ ಸಂಸ್ಥೆಯು 'ಡಾಂಕಿ ಕಾಂಗ್' ಎಂಬ ಆಟವನ್ನು ಹೊರತಂದಿತು. ನಾಣ್ಯ ಹಾಕಿ ಆಡುವ ಪೆಟ್ಟಿಗೆ ಯಂತ್ರಕ್ಕಾಗಿ ರೂಪುಗೊಂಡ ಈ ಆಟದಲ್ಲಿ, ದೊಡ್ಡ ವಾನರವೊಂದು ಉರುಳಿಸುವ ಪೀಪಾಯಿಗಳನ್ನು ಹಾರುತ್ತ ಬಡಗಿಯೊಬ್ಬ ಮೇಲೇರಬೇಕಿತ್ತು. ಆ ಬಡಗಿಯೇ ಮುಂದೆ ಮಾರಿಯೋ ಎನಿಸಿಕೊಂಡನು. 1985ರ ಸೆಪ್ಟೆಂಬರ್ 13ರಂದು ಮನೆಯ ಟಿ.ವಿ.ಗೆ ಜೋಡಿಸುವ ಯಂತ್ರಕ್ಕಾಗಿ 'ಸೂಪರ್ ಮಾರಿಯೋ ಬ್ರದರ್ಸ್' ಬಂದಿತು. ಈ ಎರಡೂ ಆಟಗಳ ಪ್ರಧಾನ ವಿನ್ಯಾಸಕರು ಶಿಗೆರು ಮಿಯಾಮೊಟೊ. 1990ರ ದಶಕದಲ್ಲಿ ಆ ಯಂತ್ರದ ಅಗ್ಗದ ನಕಲುಗಳು ನಮ್ಮ ದೇಶದ ಪೇಟೆಗಳಿಗೂ ಬಂದವು. ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ ಅಂದಿನ ಬಾಲಕರು ಇಂದು ತಂದೆಯಂದಿರಾಗಿದ್ದಾರೆ. ಅದೇ ಆಟವನ್ನು ಮೊಬೈಲಿನಲ್ಲಿ ಮಕ್ಕಳಿಗೆ ತೋರಿಸುತ್ತಿದ್ದಾರೆ.

ಆಟದಲ್ಲಿ 8 ಲೋಕಗಳು. ಒಂದೊಂದರಲ್ಲಿ 4ರಂತೆ 32 ಹಂತಗಳು. ಆರಂಭದಲ್ಲಿ ಮಾರಿಯೋಗೆ 3 ಜೀವಗಳು. ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿ ಹಿಡಿದಷ್ಟೂ ಜಿಗಿತ ಎತ್ತರವಾಗುತ್ತದೆ. ಓಡುವವನು ಥಟ್ಟನೆ ನಿಲ್ಲಲಾರ. ಸ್ವಲ್ಪ ಜಾರಿಯೇ ನಿಲ್ಲುತ್ತಾನೆ. ಪರದೆಯಿಂದ ಹಿಂದೆ ಸರಿದ ನೆಲಕ್ಕೆ ಮರಳಿ ಹೋಗುವಂತಿಲ್ಲ. ಅಣಬೆಯಾಕಾರದ ಪುಟ್ಟ ಪ್ರಾಣಿಯೊಂದು ತೇಲುತ್ತ ಬಂದಂತೆ ಬರುತ್ತದೆ. ನೋಡಿದರೆ ಎತ್ತಿ ಮುದ್ದಾಡಬೇಕೆನಿಸುತ್ತದೆ. ಆದರೆ ಅದು ಪಕ್ಕದಿಂದ ತಾಗಿದರೆ ಜೀವ ಹೋಗಬಹುದು. ತಲೆಯ ಮೇಲೆ ಜಿಗಿದು ತುಳಿದರೆ ಗೆಲುವು. ಮೇಲ್ಗಡೆ 400 ಅಥವಾ 300ರಿಂದ ಇಳಿಯುವ ಎಣಿಕೆಯೊಂದಿದೆ. ಅದರ ಒಂದೊಂದು ಎಣಿಕೆ ನಿಜವಾದ ಸೆಕೆಂಡಿಗಿಂತ ಚಿಕ್ಕದು. ಅದು 100ಕ್ಕೆ ಇಳಿದೊಡನೆ ಸಂಗೀತದ ಲಯ ದ್ರುತಗತಿಗೆ ಏರುತ್ತದೆ; ಆಡುವವನ ಎದೆಬಡಿತವೂ ಅದರೊಡನೆ ಏರುತ್ತದೆ.

'ಇನ್ನೊಂದೇ ಸಲ' ಎಂಬುದರ ಕಾರಣ

ಸೋಲುವವನು ಬೇಸತ್ತು ಎದ್ದು ಹೋಗಬೇಕಲ್ಲವೇ? ಇಲ್ಲಿ ಹಾಗಾಗುವುದಿಲ್ಲ. ಸೋಲಿಗೆ ಕಾರಣ ಕಣ್ಣೆದುರಿಗೇ ಇರುತ್ತದೆ: ಜಿಗಿತ ಒಂದು ಕ್ಷಣ ತಡವಾಯಿತು, ಅಷ್ಟೆ. ಮುಂದಿನ ಸಲ ತಿದ್ದಿಕೊಳ್ಳುವೆನೆಂಬ ಭರವಸೆ ಹುಟ್ಟುತ್ತದೆ, ಮರುಕ್ಷಣವೇ ಆಟ ಮತ್ತೆ ಆರಂಭವಾಗುತ್ತದೆ. ಗೆಲುವಿಗಿಂತಲೂ 'ಇನ್ನೇನು ಗೆದ್ದೇಬಿಟ್ಟೆ' ಎಂಬ ಭಾವನೆಯೇ ಹೆಚ್ಚು ಹೊತ್ತು ಕೂರಿಸುತ್ತದೆ.

ನಾಣ್ಯದ ಯಂತ್ರಗಳ ಕಾಲದಲ್ಲಿ ಕಾಠಿಣ್ಯಕ್ಕೆ ವ್ಯಾಪಾರದ ಕಾರಣವೂ ಇತ್ತು. ಆಟ ಬೇಗ ಮುಗಿದರೆ ತಾನೇ ಮುಂದಿನ ನಾಣ್ಯ ಬೀಳುವುದು? ಆದರೆ ಅದೇ ವ್ಯವಸ್ಥೆಯಲ್ಲಿ ಮೇರೆಯೂ ಅಡಗಿತ್ತು. ಕಿಸೆ ಖಾಲಿಯಾದರೆ, ಹಿಂದೆ ಇನ್ನೊಬ್ಬ ಕಾಯುತ್ತಿದ್ದರೆ, ಅಂಗಡಿಯ ಬಾಗಿಲು ಹಾಕಿದರೆ ಹುಡುಗ ಮನೆಗೆ ಬರಲೇಬೇಕಿತ್ತು. ಮೊಬೈಲಿನಲ್ಲಿ ಈ ಮೂರೂ ಇಲ್ಲ. ಇಂದಿನ ಕೆಲವು ಆಟಗಳಲ್ಲಂತೂ ಜೀವ ಮುಗಿದರೆ ಜಾಹೀರಾತೊಂದನ್ನು ನೋಡಿ ಮತ್ತೊಂದು ಜೀವ ಪಡೆಯಬಹುದು. ಹೊರಗಿನ ಮೇರೆಗಳು ಕಳಚಿಬಿದ್ದ ಮೇಲೆ ಮನೆಯವರೇ ಮೇರೆ ಹಾಕಬೇಕಾಗಿದೆ.

ಚರಕಾಚಾರ್ಯರ ಎರಡು ಪಟ್ಟಿಗಳು

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ವೇಗಗಳನ್ನು ಕುರಿತದ್ದು. ವೇಗವೆಂದರೆ ಒಳಗಿನಿಂದ ಏಳುವ ಒತ್ತಡ. ದೇಹದ 13 ವೇಗಗಳನ್ನು ತಡೆಯಬಾರದೆಂದು ಅಲ್ಲಿ ಹೇಳಿದೆ. ಮೂತ್ರ, ಮಲ, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ರೆ ಇವು ಆ ಪಟ್ಟಿಯಲ್ಲಿವೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಪಟ್ಟಿಯಿದೆ: ಲೋಭ, ಕ್ರೋಧ, ಈರ್ಷ್ಯೆ, ಅತಿಯಾದ ಆಸಕ್ತಿ, ಕಠೋರ ಮಾತು ಮುಂತಾದವು. ಇವು ತಡೆಯಲೇಬೇಕಾದ ವೇಗಗಳು.

ಮೇರೆಯಿಲ್ಲದೆ ಆಡುವ ಮಗುವನ್ನು ಅರ್ಧ ಗಂಟೆ ಗಮನಿಸಿರಿ. ಮೂತ್ರಕ್ಕೆ ಅವಸರವಾಗಿದ್ದರೂ ಕಾಲು ಹೆಣೆದು ಕೂತಿರುತ್ತದೆ. ಹಸಿವು, ನೀರಡಿಕೆಗಳು ಅರಿವಿಗೆ ಬರುವುದಿಲ್ಲ. ಆಕಳಿಕೆಯನ್ನು ನುಂಗಿಕೊಳ್ಳುತ್ತದೆ, ನಿದ್ರೆಯನ್ನು ದೂಡುತ್ತದೆ. ಅತ್ತ ಮಾರಿಯೋ ಕಂದಕಕ್ಕೆ ಬಿದ್ದೊಡನೆ ಸಿಟ್ಟು ಸಿಡಿಯುತ್ತದೆ. ಊಟಕ್ಕೆ ಕರೆದ ಅಜ್ಜಿಯ ಮೇಲೆ ಬಿರುಸಾದ ಮಾತು ಹೊರಬೀಳುತ್ತದೆ. ತಡೆಯಬಾರದ ವೇಗಗಳನ್ನು ತಡೆದು, ತಡೆಯಬೇಕಾದ ವೇಗಗಳನ್ನು ಹರಿಯಬಿಟ್ಟಂತಾಯಿತು. ಎರಡು ಪಟ್ಟಿಗಳು ಅದಲುಬದಲಾಗುವ ಈ ಘಳಿಗೆಯೇ ಆಟವು ಅನಾರೋಗ್ಯದ ಕಡೆಗೆ ಹೊರಳುವ ಘಳಿಗೆ. ಆಟ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕಿಂತ ಈ ಗುರುತನ್ನು ತಿಳಿದಿರುವುದು ಹೆಚ್ಚು ಉಪಯುಕ್ತ.

ದೇಹದ ಮೇಲಿನ ಪರಿಣಾಮ

ಮೂತ್ರವನ್ನು ತಡೆಯುವ ಅಭ್ಯಾಸದಿಂದ ಕಿಬ್ಬೊಟ್ಟೆಯ ನೋವು, ಉರಿಮೂತ್ರಗಳು ಉಂಟಾಗುತ್ತವೆ ಎಂದು ಶಾಸ್ತ್ರವು ಹೇಳುತ್ತದೆ. ಮಕ್ಕಳಲ್ಲಿ ಈ ಅಭ್ಯಾಸವೂ ಮಲಬದ್ಧತೆಯೂ ಮೂತ್ರದ ಸೋಂಕಿಗೆ ದಾರಿಯಾಗುತ್ತವೆ ಎಂಬುದು ಆಧುನಿಕ ವೈದ್ಯರ ಅನುಭವವೂ ಹೌದು. ನಿದ್ರೆಯನ್ನು ತಡೆದರೆ ಮೈಕೈ ನೋವು, ತೂಕಡಿಕೆ, ತಲೆನೋವು, ಕಣ್ಣಿನ ಭಾರಗಳು ಕಾಣಿಸಿಕೊಳ್ಳುತ್ತವೆ. ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸುವ ಮಗುವಿಗೆ 'ಬುದ್ಧಿ ಮಂದವಾಯಿತು' ಎನ್ನುವ ಮುನ್ನ, ಹಿಂದಿನ ರಾತ್ರಿ ಎಷ್ಟು ಗಂಟೆಗೆ ಮಲಗಿತೆಂದು ವಿಚಾರಿಸಬೇಕು.

ಕಣ್ಣಿನ ವಿಷಯದಲ್ಲಿ, ಅತಿಯಾದ ಪ್ರಭೆಯುಳ್ಳದ್ದನ್ನು ಬಹಳ ಹೊತ್ತು ನೋಡುವುದು ಅತಿಯೋಗ, ತೀರ ಹತ್ತಿರ ಹಿಡಿದು ನೋಡುವುದು ಮಿಥ್ಯಾಯೋಗ ಎಂದು ಚರಕರು ವಿಂಗಡಿಸಿದ್ದಾರೆ. ಕತ್ತಲೆಯ ಕೋಣೆಯಲ್ಲಿ, ಹೊದಿಕೆಯೊಳಗೆ ಮೊಬೈಲು ಹಿಡಿದರೆ ಎರಡೂ ಕೂಡಿಬರುತ್ತವೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯಲ್ಲಿ ದೃಷ್ಟಿ ನೆಟ್ಟಾಗ ಇದು ಬಹಳ ಕಡಿಮೆಯಾಗುತ್ತದೆ. ಕಣ್ಣೀರಿನ ಪದರ ಒಣಗಿ ಉರಿ, ಕೆಂಪು, ಮರಳು ಹೊಕ್ಕಂತಹ ಭಾವನೆ ಉಂಟಾಗುತ್ತದೆ. ನಮ್ಮ ಭಾಗದ ಬೇಸಿಗೆಯ ಒಣಗಾಳಿಯಲ್ಲಿ ಈ ತೊಂದರೆ ಇಮ್ಮಡಿಸುತ್ತದೆ.

ಹೆಬ್ಬೆರಳೂ ದಣಿಯುತ್ತದೆ. ವಿಡಿಯೋ ಆಟದಿಂದ ಹೆಬ್ಬೆರಳಿನ ಸ್ನಾಯುರಜ್ಜುವಿಗೆ ಬಂದ ನೋವನ್ನು 1990ರಲ್ಲಿಯೇ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 'ನಿಂಟೆಂಡಿನೈಟಿಸ್' ಎಂಬ ಹೆಸರಿನಲ್ಲಿ ವರದಿ ಮಾಡಿತ್ತು. ಜಿಗಿತ ಕಠಿಣವಾದಷ್ಟೂ ಗುಂಡಿಯನ್ನು ಬಲವಾಗಿ ಅದುಮುತ್ತೇವೆ. ಬಲವಾಗಿ ಅದುಮಿದರೆ ಮಾರಿಯೋ ಹೆಚ್ಚು ಎತ್ತರಕ್ಕೇನೂ ಹಾರುವುದಿಲ್ಲ! ಒತ್ತಿ ಹಿಡಿಯುವ ಕಾಲ ಮುಖ್ಯವೇ ಹೊರತು ಬಲವಲ್ಲ ಎಂಬುದನ್ನು ಮಕ್ಕಳಿಗೆ ತಿಳಿಹೇಳಿದರೆ ಅರ್ಧ ನೋವು ತಪ್ಪುತ್ತದೆ.

ಅಪಸ್ಮಾರ, ಅಂದರೆ ಮೂರ್ಛೆರೋಗವಿರುವ ಕೆಲವು ಮಕ್ಕಳಿಗೆ ಮಿನುಗುವ ಬೆಳಕಿನಿಂದ ಸೆಳೆತ ಬರಬಹುದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಎಂಬ ಟಿ.ವಿ. ಕಾರ್ಟೂನಿನ ಮಿನುಗುವ ದೃಶ್ಯವನ್ನು ನೋಡಿ 600ಕ್ಕೂ ಹೆಚ್ಚು ಜನರು, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಬೇಕಾಯಿತು. ಮನೆಯಲ್ಲಿ ಅಂತಹ ಕಾಯಿಲೆಯ ಇತಿಹಾಸವಿದ್ದರೆ ವೈದ್ಯರ ಸಲಹೆಯಿಲ್ಲದೆ ಇಂತಹ ಆಟಗಳು ಬೇಡ.

ಆಟದ ಗುಣವೂ ಇದೆ

ಕಠಿಣವಾದುದನ್ನು ಮತ್ತೆ ಮತ್ತೆ ಪ್ರಯತ್ನಿಸಿ ಸಾಧಿಸುವುದು ಸಣ್ಣ ಗುಣವಲ್ಲ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಕೆಲವು ವಯಸ್ಕರಿಗೆ ಮಾರಿಯೋ ಸರಣಿಯ ಮುಂದಿನದೊಂದು ಆಟವನ್ನು ದಿನಕ್ಕೆ 30 ನಿಮಿಷದಂತೆ ಎರಡು ತಿಂಗಳು ಆಡಿಸಿ ನೋಡಿದರು. ದಾರಿಯ ನೆನಪು, ಯೋಜನೆ, ಕೈಚಳಕಗಳಿಗೆ ಸಂಬಂಧಿಸಿದ ಮೆದುಳಿನ ಭಾಗಗಳು ಅವರಲ್ಲಿ ಹಿಗ್ಗಿದ್ದು ಕಂಡುಬಂದಿತು. ಇಲ್ಲಿ ಗಮನಿಸಬೇಕಾದದ್ದು '30 ನಿಮಿಷ' ಎಂಬ ಪ್ರಮಾಣ. ಔಷಧವಾಗಲಿ ಆಟವಾಗಲಿ, ಮಾತ್ರೆ ಮೀರಿದರೆ ಗುಣವೇ ದೋಷವಾಗುತ್ತದೆ.

ಮನೆಯಲ್ಲಿ ಪಾಲಿಸಬೇಕಾದ ಕ್ರಮ

ಮೊದಲನೆಯದು, ನಿಲ್ಲಿಸುವ ರೀತಿ. ಮಾರಿಯೋ ಗಾಳಿಯಲ್ಲಿರುವಾಗ ಮೊಬೈಲು ಕಸಿಯಬೇಡಿರಿ. ಆ ಕ್ಷಣದಲ್ಲಿ ಮಗುವಿನ ಇಡೀ ಮನಸ್ಸು ಆ ಜಿಗಿತದಲ್ಲಿರುತ್ತದೆ. ಕ್ರೋಧ ಏಳದೆ ಇರದು. "ತಮ್ಮಾ, ಈ ಜೀವ ಮುಗಿದ ಕೂಡಲೇ ಇಟ್ಟುಬಿಡು" ಎನ್ನಿರಿ. ಒಂದು ಜೀವವೆಂದರೆ ಕೆಲವೇ ನಿಮಿಷಗಳ ಮಾತು. ಆಟವೇ ಕೊಡುವ ಈ ವಿರಾಮಸ್ಥಾನವನ್ನು ಬಳಸಿಕೊಂಡರೆ ಜಗಳ ಬಹುಮಟ್ಟಿಗೆ ತಪ್ಪುತ್ತದೆ.

ಎರಡನೆಯದು, ಮೂರು ಜೀವಗಳ ನಿಯಮ. ಒಂದು ಸಲಕ್ಕೆ ಮೂರು ಜೀವಗಳು, ಅಲ್ಲಿಗೆ ಮುಗಿಯಿತು. ನುರಿತ ಮಗು 100 ನಾಣ್ಯ ಕೂಡಿಸಿ ಹೊಸ ಜೀವ ಗಳಿಸುತ್ತಲೇ ಹೋಗಬಹುದು. ಆದ್ದರಿಂದ ಅರ್ಧ ಗಂಟೆಯ ಗಡಿಯಾರವೂ ಜೊತೆಗಿರಲಿ. 2ರಿಂದ 4 ವರ್ಷದ ಮಕ್ಕಳಿಗೆ ಎಲ್ಲ ಪರದೆಗಳೂ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಚಿಕ್ಕ ಶಿಶುಗಳಿಗೆ ಬೇಡವೇ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆ.

ಮೂರನೆಯದು, ಆಟಕ್ಕೆ ಮೊದಲು ಮೂತ್ರವಿಸರ್ಜನೆ, ಒಂದು ಲೋಟ ನೀರು. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಮರವನ್ನೋ ಗುಡ್ಡವನ್ನೋ 20 ಸೆಕೆಂಡು ನೋಡುವುದು. ರಾತ್ರಿಯೂಟದ ನಂತರ ಆಟ ಬೇಡ. ಮಲಗುವ ಮುನ್ನ ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆಯನ್ನು ಹಗುರವಾಗಿ ತಿಕ್ಕುವ ಪಾದಾಭ್ಯಂಗವು ನಿದ್ರೆಗೆ ಹಿತಕರ. ಕಣ್ಣುರಿಗೆ ಶುದ್ಧವಾದ ತಣ್ಣೀರಿನಿಂದ ಮುಖ ತೊಳೆದರೆ ಸಾಕು. ಜೇನು, ಎಲೆಯ ರಸ, ಮನೆಯಲ್ಲಿ ಕುದಿಸಿದ ಕಷಾಯಗಳನ್ನು ಕಣ್ಣಿಗೆ ಹಾಕಕೂಡದು.

ನಾಲ್ಕನೆಯದು, ಬಯಲಿನ ಜಿಗಿತ. ಹಗಲಿನ ಬೆಳಕಿನಲ್ಲಿ ಹೊರಗೆ ಕಳೆಯುವ ಕಾಲವು ಸಮೀಪದೃಷ್ಟಿ ದೋಷವನ್ನು ತಡೆಯಲು ನೆರವಾಗುತ್ತದೆ. ಬೆರಳು ಜಿಗಿದಷ್ಟು ಹೊತ್ತಿಗೆ ಇಮ್ಮಡಿಯಾಗಿ ಕಾಲುಗಳೂ ಜಿಗಿಯಲಿ. ಹಂಪಿಯ ಬಂಡೆಗಳಿಗೂ ಸಂಡೂರಿನ ಗುಡ್ಡಗಳಿಗೂ ಹಿರಿಯರೊಡನೆ ಹೋದ ಮಗು ನಿಜವಾದ ಏರಿಳಿತವನ್ನು ಅರಿಯುತ್ತದೆ. ಕುಂಟೆಬಿಲ್ಲೆ, ಲಗೋರಿ, ಮರಕೋತಿ ಆಟಗಳಿಗೆ ಕಂಪ್ಲಿಯ ಯಾವುದಾದರೊಂದು ಮನೆಯಂಗಳವೇ ಸಾಕು.

ಐದನೆಯದು, ಜೊತೆ. 1986ರಲ್ಲಿ ಜಪಾನಿನ ಟೈಟೊ ಸಂಸ್ಥೆ ತಂದ 'ಬಬಲ್ ಬಾಬಲ್' ಎಂಬ ನಾಣ್ಯದ ಆಟದಲ್ಲಿ ಗುಳ್ಳೆ ಊದುವ ಎರಡು ಪುಟಾಣಿ ಡ್ರ್ಯಾಗನ್‌ಗಳು 100 ಅಂಗಳಗಳನ್ನು ದಾಟಬೇಕು. ಒಬ್ಬನೇ ದಾಟಿದವನಿಗೆ ಪೂರ್ಣ ಮುಕ್ತಾಯ ದೊರೆಯದು. ಗೆಳೆಯನೊಡನೆ ಬಾ ಎಂದು ಆಟವೇ ಸೂಚಿಸುತ್ತದೆ. ಅಂದು ಆಡಿದ ತಂದೆ ಇಂದು ಮಗನ, ಮಗಳ ಪಕ್ಕದಲ್ಲಿ ಕುಳಿತು ಸರದಿಯಂತೆ ಆಡಿದರೆ ಮೇರೆ ತಾನಾಗಿಯೇ ಏರ್ಪಡುತ್ತದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭ

ಹೆಬ್ಬೆರಳಿನ ಬುಡದ ನೋವು ಎರಡು ವಾರಕ್ಕೂ ಮೀರಿ ಉಳಿದರೆ, ಉರಿಮೂತ್ರವಿದ್ದರೆ, ಕಪ್ಪುಹಲಗೆಯ ಅಕ್ಷರ ಮಸುಕಾಗಿ ಕಂಡರೆ, ಆಟದ ನಡುವೆ ಸೆಳೆತ ಬಂದರೆ ತಡಮಾಡಬೇಡಿರಿ. ಆಟದ ಮೇಲಿನ ಹಿಡಿತ ತಪ್ಪಿ, ಓದು, ಊಟ, ಬಂಧುಗಳೆಲ್ಲ ಹಿಂದೆ ಸರಿದು, ಹಾನಿ ತಿಳಿದಿದ್ದರೂ ಬಿಡಲಾಗದ ಸ್ಥಿತಿ ಸುಮಾರು ಒಂದು ವರ್ಷ ಮುಂದುವರಿದರೆ ಅದನ್ನು ರೋಗವೆಂದೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. 2022ರ ಜನವರಿ 1ರಿಂದ ಆ ಪಟ್ಟಿ ಜಾರಿಯಲ್ಲಿದೆ. ಅಂತಹ ಮಗುವಿಗೆ ಬೈಗುಳವಲ್ಲ, ಮನೋವೈದ್ಯರ ನೆರವು ಬೇಕು.

ಉಳಿದ ಮಕ್ಕಳಿಗೆ ಸರಳವಾದ ಪರೀಕ್ಷೆಯೊಂದು ಸಾಕು. ಆಡುತ್ತಿರುವ ಮಗು ಮೂತ್ರಕ್ಕೆ ತಾನಾಗಿ ಏಳುತ್ತದೆಯೇ? ಸೋತಾಗ ನಗಬಲ್ಲದೇ? ಇವೆರಡೂ ಇರುವ ತನಕ ಮಾರಿಯೋ ಇನ್ನೂ ಆಟವೇ ಆಗಿರುತ್ತಾನೆ.