ಮೊಣಕಾಲಿಗೆ ಮರದ ನಾರಿನ ಆಸರೆ

ಹರಿಹರದಿಂದ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. 1970ರ ದಶಕದಿಂದ ಇಲ್ಲಿನ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನೀಲಗಿರಿಯಂಥ ಮರಗಳ ಕಟ್ಟಿಗೆಯನ್ನು ಬೇಯಿಸಿ ರೇಯಾನ್ ಬಟ್ಟೆಗೆ ಬೇಕಾದ ತಿರುಳು ತೆಗೆಯುತ್ತಿದೆ. ಆ ತಿರುಳಿನ ಜೀವಾಳ ಸೆಲ್ಯುಲೋಸ್. ಅದನ್ನು ನ್ಯಾನೊ ಎಳೆಗಳಾಗಿ ಬಿಡಿಸಿದರೆ, ಜೀವಂತ ಮೃದ್ವಸ್ಥಿಯನ್ನು ಮುದ್ರಿಸುವ ಶಾಯಿಗೂ ಆಧಾರವಾಗುತ್ತದೆ. 2015ರಲ್ಲಿ ಇದನ್ನು ತೋರಿಸಿಕೊಟ್ಟವರು ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಪಾಲ್ ಗಾಟೆನ್‌ಹೋಲ್ಮ್ ಮತ್ತು ಸಂಗಡಿಗರು.

ಸವೆದರೆ ಬೆಳೆಯದು

ಕೀಲುಗಳ ಮೃದ್ವಸ್ಥಿಗೆ ರಕ್ತನಾಳವಿಲ್ಲ, ನರವಿಲ್ಲ. ಕೆಲವೇ ಮಿಲಿಮೀಟರ್ ದಪ್ಪದ ಪದರದಲ್ಲಿ ಹೆಚ್ಚಿನ ಪಾಲು ನೀರು. ಕಾಂಡ್ರೊಸೈಟ್ ಎಂಬ ಜೀವಕೋಶಗಳು ಅಲ್ಲೊಂದು ಇಲ್ಲೊಂದು. ಹಾಗಾಗಿ ಪೆಟ್ಟು ಬಿದ್ದರೆ, ಸವೆದರೆ ಅದು ತಾನಾಗಿ ಮೊದಲಿನಂತಾಗುವುದಿಲ್ಲ. ರೋಗಿಯದೇ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಮೊಣಕಾಲಿಗೆ ಮರಳಿ ತುಂಬುವ ಚಿಕಿತ್ಸೆಯನ್ನು ಸ್ವೀಡನ್ನಿನ ವೈದ್ಯರು 1994ರಲ್ಲೇ ಪ್ರಕಟಿಸಿದ್ದರು. ಕೋಶಗಳನ್ನು ಬೇಕಾದ ಆಕಾರದಲ್ಲಿ, ಪದರ ಪದರವಾಗಿ ಕೂರಿಸುವುದು ಬಯೊಪ್ರಿಂಟಿಂಗ್‌ನ, ಅಂದರೆ ಜೀವಕೋಶ ಬೆರೆಸಿದ ಶಾಯಿಯಿಂದ ಮುದ್ರಿಸುವ ವಿಧಾನದ, ಹೆಚ್ಚುಗಾರಿಕೆ.

ನ್ಯಾನೊ ಸೆಲ್ಯುಲೋಸ್‌ನ ಲೋಳೆ ಒತ್ತಿದಾಗ ಮುದ್ರಣ ಯಂತ್ರದ ಸೂಜಿಯಿಂದ ಸಲೀಸಾಗಿ ಇಳಿಯುತ್ತದೆ. ಒತ್ತಡ ನಿಂತೊಡನೆ ಇದ್ದಲ್ಲೇ ನಿಲ್ಲುತ್ತದೆ. ಜತೆಗೆ ಬೆರೆಸಿದ, ಕಡಲಪಾಚಿಯ ಆಲ್ಜಿನೇಟ್ ಕ್ಯಾಲ್ಸಿಯಂ ಸೋಕಿದಾಗ ಗಟ್ಟಿಯಾಗುತ್ತದೆ. ಚಾಲ್ಮರ್ಸ್ ಪ್ರಯೋಗದಲ್ಲಿ ಮುದ್ರಿಸಿದ ಮಾನವ ಕೋಶಗಳಲ್ಲಿ ಶೇ 86ರಷ್ಟು ಏಳನೆಯ ದಿನವೂ ಬದುಕಿದ್ದವು.

ಕಿವಿಯಾಯಿತು, ಮೊಣಕಾಲು?

2022ರಲ್ಲಿ ಅಮೆರಿಕದಲ್ಲಿ ಯುವತಿಯೊಬ್ಬಳಿಗೆ ಅವಳದೇ ಕೋಶಗಳಿಂದ ಮುದ್ರಿಸಿದ ಕಿವಿಯನ್ನು ಜೋಡಿಸಲಾಯಿತು. ಕಿವಿ ಭಾರ ಹೊರುವುದಿಲ್ಲ. ಮೊಣಕಾಲು ಮೆಟ್ಟಿಲಿಳಿಯುವಾಗ ದೇಹತೂಕದ ಮೂರು ಪಟ್ಟಿಗೂ ಹೆಚ್ಚು ಭಾರ ಹೊರುತ್ತದೆ. ಮನುಷ್ಯನ ದೇಹ ಸೆಲ್ಯುಲೋಸನ್ನು ಕರಗಿಸಲಾರದು ಎಂಬುದು ಇನ್ನೊಂದು ತೊಡಕು. ಮುದ್ರಿಸಿದ ತೇಪೆ ಸಣ್ಣ ಗಾಯಕ್ಕೆ ಒಗ್ಗಿದರೂ, ಪೂರ್ತಿ ಸವೆದ ಕೀಲಿಗೆ ಸಾಲದು. ಈಗಲೇ ಮೃದ್ವಸ್ಥಿ ಬೆಳೆಸಿಕೊಡುತ್ತೇವೆ ಎನ್ನುವ ಜಾಹೀರಾತಿಗೆ ಯಾರೂ ಮರುಳಾಗಬಾರದು.

ಆದರೆ ಕೆಲಸ ನಮ್ಮಲ್ಲೂ ನಡೆದಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸೆಲ್‌ಇಂಕ್ ಕಂಪನಿಯೊಡನೆ ಸೇರಿ ತ್ರೀಡಿ ಬಯೊಪ್ರಿಂಟಿಂಗ್ ಕೇಂದ್ರ ತೆರೆಯುವುದಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಪ್ರಕಟಿಸಿತು.

ಈ ಕೆಲಸ ನಮ್ಮ ಜನರ ಮೊಣಕಾಲುಗಳನ್ನೂ ಗಮನಿಸಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯ ಸುತ್ತ ಹೆಣ್ಣುಮಕ್ಕಳು ನೆಲದ ಮೇಲೆ ಕಾಲು ಮಡಚಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಏಳುವಾಗ ಒಂದು ಕೈ ನೆಲಕ್ಕೆ, ಇನ್ನೊಂದು ಮೊಣಕಾಲಿಗೆ. ಕಳೆ ಕೀಳುವುದೂ, ರೊಟ್ಟಿ ಬಡಿಯುವುದೂ ಕುಳಿತೇ. ಕುರ್ಚಿಯ ಮೇಲೆ ಕೂರುವವರನ್ನಷ್ಟೇ ಎದುರಿಗಿಟ್ಟುಕೊಂಡು ಮಾಡಿದ ಮೃದ್ವಸ್ಥಿ ಇವರಿಗೆ ಉಪಯೋಗಕ್ಕೆ ಬಾರದು. ಪೂರ್ತಿ ಮಡಚಿದ ಮೊಣಕಾಲಿನ ಒತ್ತಡವನ್ನು ಪ್ರಯೋಗಾಲಯದ ಪರೀಕ್ಷೆಯಲ್ಲೇ ಸೇರಿಸಬೇಕು. ಮುಂದೆ ಮನುಷ್ಯರ ಮೇಲಿನ ಪ್ರಯೋಗಗಳು ಹಾವೇರಿಯಂಥ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಿಗೂ ಬರಬೇಕು.