ಲಾಡಿಯ ಗಂಟು, ಮೊದಲ ಚರಣ

ಬಸವೇಶ್ವರನಗರದ ಶಾಲೆಯೊಂದರಲ್ಲಿ ಶನಿವಾರ ಬೆಳಗ್ಗೆ ಸೇರುವ, ಸ್ಕೌಟ್ ಚಳವಳಿಯ ಚಿಕ್ಕ ಮಕ್ಕಳ ಗುಂಪಾದ ಕಬ್ ಪ್ಯಾಕಿನ ಮಕ್ಕಳ ಜೇಬಿನಲ್ಲಿ ಮೊಳದುದ್ದದ ಲಾಡಿ ಇರುತ್ತದೆ. ಲಂಗಕ್ಕೆ ಪೋಣಿಸುತ್ತಾರಲ್ಲ, ಅದೇ ಹತ್ತಿಯ ಲಾಡಿ. ಒಂದು ತುದಿಗೆ ಕೆಂಪು ಬಣ್ಣ, ಇನ್ನೊಂದಕ್ಕೆ ನೀಲಿ. ಹೊಸದಾಗಿ ಸೇರಿದ ಮಗುವಿಗೆ ಅದನ್ನು ಕೊಡುವವರು ಪ್ಯಾಕ್ ನಡೆಸುವ ಲೇಡಿ ಕಬ್ ಮಾಸ್ಟರ್. ಮಕ್ಕಳ ಬಾಯಲ್ಲಿ ಅವರು ‘ಅಕೇಲಾ ಮಿಸ್’. ಪಾಠ ಹೇಳುವ ಕೆಲಸದಿಂದ ನಿವೃತ್ತರಾದರೂ ಪ್ಯಾಕ್ ಬಿಟ್ಟಿಲ್ಲ. ಹೆಸರು ಹಾಕುವುದು ಬೇಡ ಎಂದಿದ್ದಾರೆ.

ಅವರು ಗಂಟು ಕಲಿಸುವುದನ್ನು ನೋಡಬೇಕು. ಬೋರ್ಡಿನ ಮೇಲೆ ಚಿತ್ರ ಬರೆಯುವುದಿಲ್ಲ. ಮಗುವಿನ ಪಕ್ಕದಲ್ಲಿ ನೆಲದ ಮೇಲೆಯೇ ಕೂರುತ್ತಾರೆ; ಎದುರಿಗೆ ಕೂತರೆ ಎಡ ಬಲ ಅದಲುಬದಲಾಗಿ ಮಗು ಗೊಂದಲಕ್ಕೆ ಬೀಳುತ್ತದೆ. ಕೆಂಪು ತುದಿ ಕೆಂಪಣ್ಣ, ನೀಲಿ ತುದಿ ನೀಲಕ್ಕ. ಕೆಂಪಣ್ಣ ನೀಲಕ್ಕನನ್ನು ದಾಟಿ ಅಡಿಯಿಂದ ನುಸುಳಿ ಬರುತ್ತಾನೆ. ಎರಡನೆಯ ಸಲವೂ ಕೆಂಪಣ್ಣನೇ ಮೇಲೆ. ಅಲ್ಲಿ ನೀಲಕ್ಕ ಮೇಲೆ ಬಂದಳೋ, ಕಟ್ಟಿದ ಗಂಟು ಜಾರುತ್ತದೆ. ಸರಿಯಾಗಿ ಬಂದರೆ ಅಂಗೈ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಇದು ರೀಫ್ ಗಂಟು. ಪ್ರಥಮ ಚಿಕಿತ್ಸೆಯಲ್ಲಿ ತ್ರಿಕೋನ ಬಟ್ಟೆಯ ಪಟ್ಟಿ ಕಟ್ಟಲು ಬಳಸುವುದೂ ಇದನ್ನೇ. ವೆಲ್ಕ್ರೋ ಬೂಟು ಬಂದ ಮೇಲೆ ಏಳೆಂಟು ವರ್ಷದ ಬಹಳ ಮಕ್ಕಳಿಗೆ ಬದುಕಿನ ಮೊದಲ ಗಂಟು ಇದೇ ಆಗಿದೆಯಂತೆ.

ಗಂಟು ಬಂತು ಎಂದು ತೋರಿಸಿದರೆ ಸಾಲದು. ಮಗು ಅದನ್ನು ಗೆಳೆಯನ ತೋಳಿಗೆ ಪಟ್ಟಿ ಸುತ್ತಿ ಕಟ್ಟಬೇಕು. ಚುಚ್ಚುತ್ತದೋ, ಬಿಗಿಯಾಯಿತೋ, ಸಡಿಲವೋ ಎಂದು ಹೇಳುವ ಅಧಿಕಾರ ಆ ಗೆಳೆಯನದು. ಅವನು ಒಪ್ಪಿದ ಮೇಲೆ ಇನ್ನೊಂದು ಹೆಜ್ಜೆ: ಮುಂದಿನ ವಾರ ಸೇರುವ ಹೊಸಬರಿಗೆ ಆ ಮಗುವೇ ಲಾಡಿ ಹಿಡಿಸಿ ಕಲಿಸಬೇಕು. ಆಮೇಲಷ್ಟೇ ಅಕೇಲಾ ಮಿಸ್ಸಿನ ಉದ್ದ ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮುಂದೆ ತಾರೀಖು ಬೀಳುತ್ತದೆ. ಅಂಕವಿಲ್ಲ, ಶ್ರೇಣಿಯಿಲ್ಲ. ಒಬ್ಬನದು ಜೂನ್, ಇನ್ನೊಬ್ಬನದು ನವೆಂಬರ್. ಅಕ್ಕಪಕ್ಕದ ಹೆಸರುಗಳ ತಾರೀಖಿಗೆ ಒಂದಕ್ಕೊಂದು ಸಂಬಂಧವಿಲ್ಲ. ನಾನು ಈ ಲೇಖನಕ್ಕೆ ಕೂತದ್ದೇ ಆ ನೋಟ್‌ಬುಕ್ ನೋಡಿದ ಮೇಲೆ.

ಬೆಂಗಳೂರಿಗೂ ಸ್ಕೌಟ್ ಚಳವಳಿಗೂ ಹಳೆಯ ನಂಟು. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ದೇಶದ ಮೊದಲ ದಳ ಕಟ್ಟಿದ್ದು ಇಲ್ಲಿನ ಬಿಷಪ್ ಕಾಟನ್ ಶಾಲೆಯಲ್ಲಿ. ಆಗ ಅದು ಭಾರತೀಯ ಮಕ್ಕಳಿಗೆ ತೆರೆದಿರಲಿಲ್ಲ. 1916ರಲ್ಲಿ ಆನಿ ಬೆಸೆಂಟ್ ಬೇರೆಯೇ ಸಂಘ ಕಟ್ಟಿ ನಮ್ಮ ಮಕ್ಕಳಿಗೆ ದಾರಿ ಮಾಡಿದರು. ದೊಡ್ಡಬಳ್ಳಾಪುರದ ಶಿಬಿರ ತಾಣಕ್ಕೆ ಅವರದೇ ಹೆಸರಿದೆ. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆಬೇರೆಯಾಗಿದ್ದ ಸಂಘಗಳು ಸೇರಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಗರ್ಲ್ ಗೈಡ್ಸ್ ಸೇರಿದ್ದು ಮರುವರ್ಷ. ಕರ್ನಾಟಕದಲ್ಲಿ ಇದನ್ನು ಬೆಳೆಸಿದವರಲ್ಲಿ ಕೊಂಡಜ್ಜಿ ಬಸಪ್ಪನವರ ಹೆಸರು ದೊಡ್ಡದು.

ಚಿಕ್ಕ ಮಕ್ಕಳ ವಿಭಾಗದ ಕಥೆ ಇನ್ನೂ ಸೊಗಸು. ಅಣ್ಣಂದಿರ ಹಿಂದೆ ಓಡಿ ಬರುತ್ತಿದ್ದ ತಮ್ಮಂದಿರಿಗಾಗಿ 1916ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ‘ವುಲ್ಫ್ ಕಬ್’ ಕೈಪಿಡಿ ಬರೆದರು. ಕಿಪ್ಲಿಂಗನ ‘ಜಂಗಲ್ ಬುಕ್’ ಅದರ ಜೀವ. ಪ್ಯಾಕಿನ ಮುಖ್ಯಸ್ಥರಿಗೆ ಅಕೇಲಾ ಎಂಬ ಹೆಸರು ಬಂದದ್ದು ಅಲ್ಲಿನ ಮುದಿ ತೋಳನಿಂದ. ಕೈಪಿಡಿಯ ಕೆಲಸದಲ್ಲಿ ಬೇಡನ್ ಪೊವೆಲ್‌ಗೆ ನೆರವಾದ ವೆರಾ ಬಾರ್ಕ್‌ಲೇ ಸ್ವತಃ ಪ್ಯಾಕ್ ನಡೆಸಿದ ಹೆಣ್ಣುಮಗಳು. ಹುಟ್ಟಿದ ತೋಳನ ಮರಿಗೆ ಕಣ್ಣು ಮುಚ್ಚಿರುತ್ತದಲ್ಲ, ಅದಕ್ಕೇ ಮಗುವಿನ ಟೋಪಿಗೆ ಮೊದಲ ನಕ್ಷತ್ರ ಬಂದರೆ ಒಂದು ಕಣ್ಣು ತೆರೆದಂತೆ, ಎರಡನೆಯದು ಬಂದರೆ ಎರಡೂ. ಉಗುರು ಹಲ್ಲಿನ ಶುಚಿ, ಗಡಿಯಾರ ನೋಡುವುದು, ಲಾಗ ಹಾಕುವುದು, ತಲೆಯ ಮೇಲೆ ಪುಸ್ತಕವಿಟ್ಟು ನಡೆಯುವುದು, ಒಂದು ಬೀಜ ಮೊಳೆಸುವುದು: ಇವೇ ಆಗಿನ ಪರೀಕ್ಷೆಗಳು. ಬ್ರಿಟನ್ ಅರುವತ್ತರ ದಶಕದ ಕೊನೆಗೆ ಆ ನಕ್ಷತ್ರಗಳನ್ನು ಕೈಬಿಟ್ಟಿತು.

ನಮ್ಮಲ್ಲಿ ಈಗ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. ಪ್ರವೇಶದ ನಂತರ ಕಬ್‌ಗಳಿಗೆ ಪ್ರಥಮದಿಂದ ಚತುರ್ಥದವರೆಗೆ ಚರಣಗಳು, ಬುಲ್‌ಬುಲ್‌ಗಳಿಗೆ ಕೋಮಲದಿಂದ ಹೀರಕದವರೆಗೆ ಪಂಖ್‌ಗಳು. ಎಲ್ಲಕ್ಕೂ ಮೇಲೆ ಗೋಲ್ಡನ್ ಆ್ಯರೋ. ಕಬ್ ವಯಸ್ಸಿಗೂ ಕಿರಿಯರಿಗೆ ‘ಬನ್ನಿ’ ವಿಭಾಗ ಬಂದಿದೆ.

ಇಷ್ಟು ಚಂದದ ಏಣಿ ಹತ್ತಲು ಎಲ್ಲಿ ತೊಡಕಾಗುತ್ತಿದೆ? ಮಗು ಮಾಡುವ ಪ್ರತಿಜ್ಞೆಯಲ್ಲಿರುವುದು ಕೈಲಾದಷ್ಟು ಮಾಡುತ್ತೇನೆ ಎಂಬ ಮಾತು. ಮೇಲಿನ ಮೆಟ್ಟಿಲುಗಳಿಗೆ ಬಂದಾಗ ಆ ಮಾತು ಮರೆಯಾಗಿ, ಲಾಗ್ ಪುಸ್ತಕ, ಸಹಿ, ಪರೀಕ್ಷಾ ಶಿಬಿರದ ಸಾಲು ಎದುರಾಗುತ್ತವೆ. ಲಾಗ್ ಪುಸ್ತಕದ ಚಿತ್ರ ಅಂಟಿಸುವವರು ಎಷ್ಟೋ ಮನೆಗಳಲ್ಲಿ ಅಮ್ಮಂದಿರು. ಒಂಬತ್ತು ವರ್ಷದ ಮಗು ಗುರುತಿಲ್ಲದವರ ಮುಂದೆ ನಿಂತು ನಿಯಮ ಒಪ್ಪಿಸುತ್ತದೆ. ಇದು ಬದಲಾಗಲೇಬೇಕು ಎನ್ನುವವಳು ನಾನು.

ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ‘ಜಂಗಲ್ ಬುಕ್’ನ ಬಘೀರನ ಬಣ್ಣದ ಚಿರತೆ ಓಡಾಡುವ ಕಬಿನಿಯ ಸೀಮೆಯಲ್ಲೇ, ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ ನಲಿ ಕಲಿ ಶುರುವಾಯಿತು. ರಿಷಿ ವ್ಯಾಲಿಯ ಶಾಲೆಗಳನ್ನು ಕಂಡು ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ, ಕಾರ್ಡುಗಳಾಗಿ ಬಿಡಿಸಿದರು. ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮರುದಿನ ಮುಂದುವರಿಯುತ್ತದೆ. 2009–10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಚರಣಗಳನ್ನು ಪರಿಷ್ಕರಿಸುವವರು ಆ ಕಾರ್ಡುಗಳ ಜೊತೆ ಒಂದು ದಿನ ಕಳೆಯಬೇಕು.

ವಿಷಯಗಳೂ ಹೊಸದಾಗಬೇಕು. ಅಕೇಲಾ ಮಿಸ್ ಆಗಲೇ ತಮ್ಮ ಮಟ್ಟಿಗೆ ಮಾಡಿಕೊಂಡಿದ್ದಾರೆ. ಕರಟದಲ್ಲಿ ಮೆಂತ್ಯ ಮೊಳೆಸುವುದು ಹಾಗೇ ಉಳಿದಿದೆ. ಅದರ ಜೊತೆಗೆ ಮೆಟ್ರೋ ನಕ್ಷೆ ಸೇರಿದೆ: ರಾಜಾಜಿನಗರದಲ್ಲಿ ಹಸಿರು ಮಾರ್ಗ ಹತ್ತಿದವರು ಕೆಂಗೇರಿಗೆ ಹೋಗಬೇಕು, ಎಲ್ಲಿ ಇಳಿದು ಬದಲಿಸುತ್ತೀರಿ? ಮೆಜೆಸ್ಟಿಕ್ ಎಂದು ಬೆರಳಿಡಬೇಕು, ನೇರಳೆ ಮಾರ್ಗದಲ್ಲಿ ದಾಟುವ ನಿಲ್ದಾಣಗಳನ್ನು ಓದಬೇಕು, ವಿಜಯನಗರ ಬಂದಾಗ ಅಲ್ಲಿ ಅಜ್ಜಿ ಮನೆಯಿರುವವರು ಕೂಗಬೇಕು. ಕಾರಿನ ಹಿಂದಿನ ಸೀಟಿನಲ್ಲಿ ಬೆಳೆಯುವ ಮಗುವಿಗೆ ವೆಸ್ಟ್ ಆಫ್ ಕಾರ್ಡ್ ರಸ್ತೆಯನ್ನು ದೊಡ್ಡವರ ಕೈ ಹಿಡಿದು ಎಚ್ಚರದಿಂದ ದಾಟುವುದೂ ಕಲಿಯಬೇಕಾದ ವಿದ್ಯೆ.

ಹತ್ತು ತುಂಬಿದ ಮಕ್ಕಳು ಸ್ಕೌಟ್ ದಳಕ್ಕೆ ಹೋಗುತ್ತಾರೆ. ಹೋದವರ ಹೆಸರಿನ ಕೆಳಗೆ ಮಿಸ್ ಒಂದು ಗೆರೆ ಎಳೆಯುತ್ತಾರೆ. ಈ ವರ್ಷ ಅವರ ಮಂಡಿ ನೋವು ಜಾಸ್ತಿ, ನೆಲದ ಮೇಲೆ ಕೂತರೆ ಏಳಲು ಯಾರಾದರೂ ಕೈಕೊಡಬೇಕು. ಪ್ಯಾಕ್ ವಹಿಸಿಕೊಳ್ಳಲು ಇಬ್ಬರು ಕಿರಿಯ ಟೀಚರುಗಳಿಗೆ ಮನಸ್ಸಿದೆ. ಕಬ್ ಮಾಸ್ಟರ್ ಮೂಲ ತರಬೇತಿಗೆ ಹೋಗಿಬರಲು ಅವರಿಗೆ ಶಾಲೆಯಿಂದ ರಜೆ ಮಂಜೂರಾಗಬೇಕು. ಅರ್ಜಿ ಕೊಟ್ಟಿದ್ದಾರೆ.