‘ಗಟ್ಟಿಮೇಳ’ ಎಂದಾಗಷ್ಟೇ ವಾದ್ಯ!

ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಸೀನಿಯರ್‌ಗಳನ್ನು ‘ಈಗ ಏನು ಮಾಡ್ತಿದ್ದೀರಿ?’ ಎಂದು ಕೇಳಿ ನೋಡಿ. ಎಐ, ರೋಬೊ ಎಂಬ ಉತ್ತರಕ್ಕೆ ಕಾದವರಿಗೆ ಎಷ್ಟೋ ಸಲ ಸಿಗುವುದು ‘ರಿಪೋರ್ಟ್ ಕೆಲಸ’ ಎಂಬ ಸಪ್ಪೆ ಉತ್ತರ. ಆದರೆ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಅಂಕಪಟ್ಟಿ ಎಲ್ಲವೂ ರಿಪೋರ್ಟ್‌ಗಳೇ. ಸಾಫ್ಟ್‌ವೇರ್ ಎಂಬುದು ಜನರ ಕೈಗೆ ತಲುಪುವುದು ಹೆಚ್ಚಾಗಿ ಈ ಕಾಗದದ ರೂಪದಲ್ಲೇ.

ಜಾವಾದಲ್ಲಿ ಈ ಕೆಲಸಕ್ಕೆ ಹೆಸರಾದದ್ದು ‘ಜಾಸ್ಪರ್‌ರಿಪೋರ್ಟ್ಸ್’ ಎಂಬ ಓಪನ್‌ಸೋರ್ಸ್ ಲೈಬ್ರರಿ. ರೊಮೇನಿಯಾದ ಟಿಯೊಡೊರ್ ಡಾನ್‌ಚು 2001ರಲ್ಲಿ ಇದನ್ನು ಶುರು ಮಾಡಿದರು. ತಲೆಬರಹ ಎಲ್ಲಿ, ಸಾಲು ಎಲ್ಲಿ, ಮೊತ್ತ ಎಲ್ಲಿ ಎಂದು ಎಕ್ಸ್‌ಎಂಎಲ್ ಫೈಲ್‌ನಲ್ಲಿ ವಿನ್ಯಾಸ ಕೊಟ್ಟು ಡೇಟಾ ಒದಗಿಸಿದರೆ ಸಾಕು, ಪಿಡಿಎಫ್ ಸಿದ್ಧ. ಮೊತ್ತ, ಸರಾಸರಿ, ಎಣಿಕೆಗಳನ್ನೂ ಅದೇ ಹಾಕುತ್ತದೆ.

ತೊಡಕು ಬರುವುದು ಅದರಾಚೆಗಿನ ಲೆಕ್ಕ ಬೇಕಾದಾಗ. ಆಗ ನಮ್ಮಲ್ಲಿ ಅನೇಕರು ಹಿಡಿಯುವ ದಾರಿ ಎರಡು. ಒಂದು, ಎಕ್ಸೆಲ್‌ಗೆ ಇಳಿಸಿಕೊಂಡು ಪ್ರತಿ ಸಲ ಕೈಯಲ್ಲೇ ತಿದ್ದುವುದು. ಇನ್ನೊಂದು, ಲೈಬ್ರರಿಯನ್ನೇ ಬಿಟ್ಟು ಎಲ್ಲವನ್ನೂ ಸ್ವಂತ ಬರೆಯಲು ಹೊರಡುವುದು. ಇವೆರಡೂ ಬೇಡದ ಮೂರನೇ ದಾರಿಯೇ ಕಾಲ್‌ಬ್ಯಾಕ್.

ಮದುವೆಮನೆಯನ್ನು ನೆನಪಿಸಿಕೊಳ್ಳಿ. ಶಾಸ್ತ್ರ ನಡೆಸುವವರು ಪುರೋಹಿತರು. ತಾಳಿ ಕಟ್ಟುವ ಹೊತ್ತಿಗೆ ಅವರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗುತ್ತಾರೆ, ವಾದ್ಯದವರು ಜೋರಾಗಿ ನುಡಿಸುತ್ತಾರೆ. ಯಾವಾಗ ಎಂಬುದು ಪುರೋಹಿತರ ಕೈಯಲ್ಲಿ, ಏನು ನುಡಿಸಬೇಕು ಎಂಬುದು ವಾದ್ಯದವರ ಕೈಯಲ್ಲಿ. ಕಾಲ್‌ಬ್ಯಾಕ್ ಕೂಡ ಹೀಗೆಯೇ. ರಿಪೋರ್ಟ್ ನಡೆಸುವುದು ಲೈಬ್ರರಿ. ಹೊಸ ಪುಟ, ಹೊಸ ಗುಂಪು, ಹೊಸ ಸಾಲು ಬಂದಾಗಲೆಲ್ಲ ಅದು ನಾವು ಬರೆದ ಮೆಥಡ್ ಅನ್ನು ಕರೆಯುತ್ತದೆ. ಜಾಸ್ಪರ್‌ನಲ್ಲಿ ಇಂಥ ಮೆಥಡ್‌ಗಳಿರುವ ಕ್ಲಾಸ್‌ಗೆ ‘ಸ್ಕ್ರಿಪ್ಟ್‌ಲೆಟ್’ ಎಂದು ಹೆಸರು. ‘ಜೆಆರ್‌ಡಿಫಾಲ್ಟ್‌ಸ್ಕ್ರಿಪ್ಟ್‌ಲೆಟ್’ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿ, ಬೇಕಾದ ಮೆಥಡ್‌ಗಳನ್ನಷ್ಟೇ ಬರೆದುಕೊಂಡರಾಯಿತು.

ನಮ್ಮ ಮಿನಿ ಪ್ರಾಜೆಕ್ಟ್‌ಗೆ ನಾವು ಆರಿಸಿಕೊಂಡಿದ್ದು ಊರಿನ ಹಾಲಿನ ಡೇರಿಯ ಹದಿನೈದು ದಿನದ ಪಟ್ಟಿ. ಹಾಲಿನ ದರ ನಿಂತಿರುವುದೇ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ. ಲೀಟರ್, ರೂಪಾಯಿ ಮೊತ್ತವನ್ನು ಜಾಸ್ಪರ್ ತಾನೇ ಹಾಕಿತು. ಕಾರ್ಯದರ್ಶಿಯವರು ಕೇಳಿದ್ದು ಬೇರೆ: ‘ಯಾರ ಹಾಲಿನ ಫ್ಯಾಟ್ ಸತತ ಮೂರು ದಿನ ಇಳಿದಿದೆಯೋ ಆ ಸಾಲಿಗೆ ಒಂದು ಗುರುತು ಹಾಕ್ರಪ್ಪ. ಮೇವು ಬದಲಾಯಿಸಿದ್ರಾ, ಕೆಚ್ಚಲು ಬಾವು ಬಂದಿದೆಯಾ ಅಂತ ವಿಚಾರಿಸಬಹುದು.’

ಇದನ್ನು ಹೇಳಲು ಹಿಂದಿನ ಸಾಲುಗಳ ನೆನಪು ಬೇಕು. ಬರೀ ಮೊತ್ತ, ಸರಾಸರಿಯಿಂದ ಆಗದು. ಎರಡು ಕಾಲ್‌ಬ್ಯಾಕ್ ಸಾಕಾದವು. ‘ಬಿಫೋರ್‌ಡೀಟೇಲ್‌ಇವ್ಯಾಲ್’ ಪ್ರತಿ ಸಾಲಿಗೂ ಬರುತ್ತದೆ. ಅಲ್ಲಿ ಇಂದಿನ ಫ್ಯಾಟನ್ನು ಹಿಂದಿನದರ ಜತೆ ಹೋಲಿಸಿ, ಇಳಿದಿದ್ದರೆ ಎಣಿಕೆ ಒಂದು ಹೆಚ್ಚು, ಇಲ್ಲದಿದ್ದರೆ ಸೊನ್ನೆ. ಎಣಿಕೆ ಮೂರಾದರೆ ರಿಪೋರ್ಟ್‌ನ ವೇರಿಯಬಲ್‌ಗೆ ಗುರುತು ಹೋಗುತ್ತದೆ. ‘ಬಿಫೋರ್‌ಗ್ರೂಪ್‌ಇನಿಟ್’ ಬರುವುದು ಗುಂಪು ಬದಲಾದಾಗ. ಅಲ್ಲಿ ಎಣಿಕೆ, ನೆನಪು ಎರಡನ್ನೂ ಅಳಿಸಬೇಕು. ಇಲ್ಲವಾದರೆ ಒಬ್ಬರ ಹಸುವಿನ ಲೆಕ್ಕ ಪಕ್ಕದ ಮನೆಯ ಹಸುವಿಗೆ ಅಂಟಿಕೊಳ್ಳುತ್ತದೆ!

ಪ್ರಯತ್ನಿಸುವವರು ಮೂರು ವಿಷಯ ಗಮನದಲ್ಲಿಡಿ. ಒಂದು, ಡೇಟಾ ಗುಂಪಿನ ಕ್ರಮದಲ್ಲೇ ಬರಬೇಕು. ಬೆಳಗಿನ ಮತ್ತು ಸಂಜೆಯ ಹಾಲಿನ ಫ್ಯಾಟ್ ಸಹಜವಾಗಿಯೇ ಬೇರೆ ಬೇರೆ. ಹಾಗಾಗಿ ಸದಸ್ಯರ ಸಂಖ್ಯೆ, ಹೊತ್ತು, ದಿನಾಂಕ ಎಂಬ ಕ್ರಮದಲ್ಲಿ ಜೋಡಿಸಿ, ಹೊತ್ತು ಬದಲಾದಾಗಲೂ ಹೊಸ ಗುಂಪು ಮಾಡಬೇಕು. ಎರಡು, ಸ್ಕ್ರಿಪ್ಟ್‌ಲೆಟ್ ತುಂಬುವ ವೇರಿಯಬಲ್‌ಗೆ ಕ್ಯಾಲ್ಕ್ಯುಲೇಷನ್ ‘ಸಿಸ್ಟಮ್’ ಎಂದಿಡಿ, ಆಗ ಲೈಬ್ರರಿ ಅದರ ಲೆಕ್ಕಕ್ಕೆ ಕೈಹಾಕುವುದಿಲ್ಲ. ಮೂರು, ಕಾಲ್‌ಬ್ಯಾಕ್ ಒಳಗೆ ಭಾರದ ಕೆಲಸ ಬೇಡ. 200 ಸದಸ್ಯರು, ದಿನಕ್ಕೆ ಎರಡು ಹೊತ್ತು, 15 ದಿನ ಎಂದರೆ 6,000 ಸಾಲು. ಪ್ರತಿ ಸಾಲಿಗೂ ಡೇಟಾಬೇಸ್ ಬಾಗಿಲು ತಟ್ಟಿದರೆ ರಿಪೋರ್ಟ್ ತೆವಳುತ್ತದೆ.

ಇದು ಜಾಸ್ಪರ್‌ಗೆ ಮುಗಿಯುವ ಪಾಠವಲ್ಲ. ಆ್ಯಂಡ್ರಾಯ್ಡ್‌ನ ‘ಆನ್‌ಕ್ರಿಯೇಟ್’, ಸರ್ವ್‌ಲೆಟ್‌ನ ‘ಡೂಗೆಟ್’, ಬಟನ್ ಒತ್ತಿದಾಗ ಓಡುವ ಲಿಸನರ್ ಎಲ್ಲವೂ ಇದೇ ಜಾತಿಯವು. ಹೊಸ ಲೈಬ್ರರಿ ಕೈಗೆ ಬಂದಾಗ ‘ಇದನ್ನು ನಾನು ಹೇಗೆ ಕರೆಯಲಿ?’ ಎಂದು ಎಲ್ಲರೂ ಹುಡುಕುತ್ತೇವೆ. ‘ಇದು ನನ್ನನ್ನು ಯಾವಾಗ ಕರೆಯುತ್ತದೆ?’ ಎಂದೂ ಕೇಳಿಕೊಳ್ಳಿ. ಸಂದರ್ಶನದಲ್ಲಿ ಕಾಲ್‌ಬ್ಯಾಕ್ ಎಂದರೇನು ಎಂದಾಗ ವ್ಯಾಖ್ಯಾನ ಒಪ್ಪಿಸುವವರು ಬಹಳ ಮಂದಿ ಇರುತ್ತಾರೆ. ಅದರಿಂದ ಒಬ್ಬ ರೈತನಿಗೆ ತನ್ನ ಹಸುವಿನ ಸ್ಥಿತಿ ತಿಳಿಯುವಂತೆ ಮಾಡಿದ್ದೇನೆ ಎಂದು ಹೇಳಬಲ್ಲವರು ಕಡಿಮೆ.